ಗೆಲ್ಲುವ ಕುದುರೆ, ಸೋಲುವ ಟಿಪ್

‘ರೇಸು ಜೂಜಲ್ಲ, ಲೆಕ್ಕಾಚಾರ. ಫಾರ್ಮ್ ಓದಲು ಬಂದವನಿಗೆ ದುಡ್ಡು ಖಂಡಿತ.’ ಬೆಂಗಳೂರಿನ ರೇಸ್‌ಕೋರ್ಸಿನಲ್ಲೂ ಮೈಸೂರಿನಲ್ಲೂ ಈ ಮಾತಿಗೆ ಎದುರಾಡುವವರು ಕಡಿಮೆ. ವಾದಕ್ಕೆ ನಿಂತರೆ 1996ರ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಡುತ್ತಾರೆ. ಲಕ್ಷ್ಮಣನ್ ಪ್ರಕರಣದಲ್ಲಿ ನ್ಯಾಯಾಲಯ ಕುದುರೆ ಪಂದ್ಯವನ್ನು ಕೌಶಲದ ಆಟವೆಂದದ್ದು ನಿಜ. ಆದರೆ ಅಲ್ಲಿ ಇತ್ಯರ್ಥವಾದದ್ದು ಕಾನೂನಿನ ಕಣ್ಣಿಗೆ ಇದು ಜೂಜೇ ಎಂಬ ಪ್ರಶ್ನೆ. ಬಾಜಿ ಕಟ್ಟಿದವನ ಜೇಬು ತುಂಬುತ್ತದೆ ಎಂಬ ಭರವಸೆ ಆ ತೀರ್ಪಿನಲ್ಲಿಲ್ಲ.

ಫಾರ್ಮ್ ಓದುವುದು ವಿದ್ಯೆಯೇ ಹೌದು. 1200 ಮೀಟರಿನಲ್ಲಿ ಮಿಂಚಿದ ಕುದುರೆಗೆ 1600 ಮೀಟರಿನವರೆಗೂ ದಮ್ಮು ಉಳಿದೀತೇ, ಮಳೆಗೆ ಮೆತ್ತಗಾದ ಟ್ರ್ಯಾಕು ಅದಕ್ಕೆ ಒಗ್ಗೀತೇ, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಅದು ಹೇಗೆ ಓಡಿತು, ಜಾಕಿ ಯಾರು ಎಂದು ತೂಗಿ ನೋಡಲು ವರ್ಷಗಳ ಅಭ್ಯಾಸ ಬೇಕು. ಆದರೆ ಈ ವಿದ್ಯೆ ಬುಕ್ಕಿಗೂ ಗೊತ್ತು, ಹ್ಯಾಂಡಿಕ್ಯಾಪರ್‌ಗೂ ಗೊತ್ತು. ಗೆದ್ದ ಕುದುರೆಯ ರೇಟಿಂಗ್ ಏರಿಸಿ, ಮುಂದಿನ ಹ್ಯಾಂಡಿಕ್ಯಾಪ್ ರೇಸಿನಲ್ಲಿ ಅದರ ಬೆನ್ನಿಗೆ ಹೆಚ್ಚು ತೂಕ ಹೊರಿಸುವುದೇ ಹ್ಯಾಂಡಿಕ್ಯಾಪರ್ ಕೆಲಸ. ಇನ್ನು ಬೆಳಿಗ್ಗೆ ಅಚ್ಚಾದ ಟಿಪ್ ಮಧ್ಯಾಹ್ನಕ್ಕೆ ಊರಿನ ಸ್ವತ್ತು. ಎಲ್ಲರೂ ಒಂದೇ ಕುದುರೆಗೆ ಕಟ್ಟಿದರೆ ಬುಕ್ಕಿಯ ದರ ಇಳಿಯುತ್ತದೆ, ಎಲ್ಲರ ಬಾಜಿಯನ್ನು ಒಟ್ಟುಗೂಡಿಸಿ ಗೆದ್ದವರಿಗೆ ಹಂಚುವ ಟೋಟ್‌ನಲ್ಲಿ ಒಬ್ಬೊಬ್ಬರ ಪಾಲೂ ಸಣ್ಣದಾಗುತ್ತದೆ.

ಟಿಪ್ಸ್ ಅಂಕಣಗಳು ಮುಚ್ಚಿಡುವುದು ಈ ದರವನ್ನೇ. ‘ಹತ್ತರಲ್ಲಿ ನಾಲ್ಕು ಗೆದ್ದವು’ ಎಂದರೆ ದೊಡ್ಡ ಸಾಧನೆಯಂತೆ ಕೇಳಿಸುತ್ತದೆ. ಲೆಕ್ಕ ಹಾಕಿ ನೋಡಿ. ಒಂದೊಂದಕ್ಕೆ 100 ರೂಪಾಯಿಯಂತೆ 1000 ಕಟ್ಟಿದಿರಿ; ಗೆದ್ದ ನಾಲ್ಕೂ ಒಂದಕ್ಕೊಂದರ ದರದವಾದರೆ ಕೈಗೆ ಬರುವುದು 800. ಹತ್ತರಲ್ಲಿ ಎರಡೇ ಗೆದ್ದರೂ ಅವು ಒಂದಕ್ಕೆ ಆರರ ದರದವಾದರೆ 1400 ಬರುತ್ತದೆ. ಹೆಚ್ಚು ಗೆಲುವು ಹೇಳಿದವನನ್ನು ನಂಬಿದವನೇ ಇಲ್ಲಿ ಸೋತ.

ಇದು ತೆರಿಗೆಗೆ ಮೊದಲಿನ ಲೆಕ್ಕ. 2023ರ ಅಕ್ಟೋಬರ್‌ನಿಂದ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28ರಷ್ಟಿದ್ದ ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40ಕ್ಕೇರಿದೆ. ಟೋಟ್‌ನಲ್ಲಿ ಕ್ಲಬ್ಬಿನ ಪಾಲು ಕಳೆದ ಮೇಲಷ್ಟೇ ಗೆದ್ದವರಿಗೆ ಹಂಚಿಕೆ. ಇಷ್ಟು ಕಡಿತವನ್ನು ಮೀರಿ ಲಾಭ ಮಾಡಬೇಕಾದರೆ ಜನರ ಅಂದಾಜಿಗಿಂತ ತುಸು ಚೆನ್ನಾಗಿ ಊಹಿಸಿದರೆ ಸಾಲದು, ಬಹಳ ಚೆನ್ನಾಗಿ, ಪದೇ ಪದೇ ಊಹಿಸಬೇಕು. ಎಲ್ಲರೂ ಓದುವ ಟಿಪ್‌ನಿಂದ ಅದು ಸಾಧ್ಯವಿಲ್ಲ.

ಫಾರ್ಮ್ ಓದಿ ಓಟವನ್ನು ಸವಿಯುವವರ ಮೇಲೆ ನನ್ನ ತಕರಾರಿಲ್ಲ. ದಿನದ ದುಡಿಮೆಯನ್ನು ‘ದಿನದ ಬೆಸ್ಟ್’ ಎಂಬ ಎರಡು ಪದ ನಂಬಿ ಕಳೆದುಕೊಳ್ಳುವವರ ಪರವಾಗಿ ಕೇಳುತ್ತೇನೆ: ಪ್ರತಿ ಟಿಪ್‌ನ ಪಕ್ಕದಲ್ಲಿ, ಎಷ್ಟು ದರ ಸಿಕ್ಕರೆ ಮಾತ್ರ ಕಟ್ಟಬಹುದು ಎಂದು ಬರೆಯಿರಿ. ಸೀಸನ್ ಮುಗಿದಾಗ ಎಲ್ಲ ಟಿಪ್‌ಗಳಿಗೂ ತಲಾ 100 ರೂಪಾಯಿ ಕಟ್ಟಿದ್ದರೆ ತೆರಿಗೆ ಕಳೆದು ಎಷ್ಟು ಉಳಿಯುತ್ತಿತ್ತೆಂದು ಅಚ್ಚು ಹಾಕಿ. ಆ ಲೆಕ್ಕ ಕೊಡದವರು ಕೌಶಲದ ಹೆಸರೆತ್ತಬಾರದು.