ಥೇಮ್ಸ್ ದಂಡೆಯ ಕಳ್ಳಮಾಲು

ಈಲಿಂಗ್ ಸ್ಟುಡಿಯೋಸ್‌ಗಾಗಿ ಬೇಸಿಲ್ ಡಿಯರ್ಡನ್ 1951ರಲ್ಲಿ ನಿರ್ದೇಶಿಸಿದ ‘ಪೂಲ್ ಆಫ್ ಲಂಡನ್’ ಚಿಲ್ಲರೆ ಕಳ್ಳಸಾಗಣೆಯಿಂದ ಶುರುವಾಗುವ ಕಥೆ. ಟವರ್ ಬ್ರಿಜ್ ಬಳಿ ಲಂಗರು ಹಾಕಿದ ಹಡಗಿನ ನಾವಿಕ ಡ್ಯಾನ್, ಸುಂಕದವರ ಕಣ್ಣಿಗೆ ಮಣ್ಣೆರಚಿ ಸಣ್ಣಪುಟ್ಟ ಮಾಲು ದಾಟಿಸುವವನು. ಒಂದೇ ವಾರಾಂತ್ಯದಲ್ಲಿ ಆ ಚಾಳಿ ಅವನನ್ನು ಕದ್ದ ವಜ್ರಗಳ ಸುಳಿಗೆ ನೂಕುತ್ತದೆ.

ಭಾನುವಾರ ಬಿಕೋ ಎನ್ನುವ ಬೀದಿಗಳನ್ನು, ಯುದ್ಧದ ಗಾಯ ಮಾಯದ ನಗರವನ್ನು ಗಾರ್ಡನ್ ಡೈನ್ಸ್ ಅವರ ಕಪ್ಪು-ಬಿಳುಪು ಕ್ಯಾಮೆರಾ ಸುಮ್ಮನೆ ನೋಡುತ್ತದೆ. ಕಸರತ್ತಿನ ಕಲಾವಿದನೊಬ್ಬ ಕಳ್ಳತನಕ್ಕಾಗಿ ಕಟ್ಟಡದಿಂದ ಕಟ್ಟಡಕ್ಕೆ ಜಿಗಿಯುವಾಗ ನಮ್ಮ ಉಸಿರೂ ಕಟ್ಟುತ್ತದೆ.

ಆದರೂ ಮನಸ್ಸಿನಲ್ಲಿ ಉಳಿಯುವುದು ಅರ್ಲ್ ಕ್ಯಾಮೆರಾನ್. ಮೊದಲ ಚಿತ್ರದಲ್ಲೇ ಅವರು ಜಮೈಕಾದ ಜಾನಿ. ಬಿಳಿ ಹುಡುಗಿಯ ಪಕ್ಕ ಅಳುಕುತ್ತ ನಡೆವ ಆ ನಾವಿಕನ ಸಂಕೋಚದ ಮುಂದೆ ವಜ್ರದ ಹೊಳಪೂ ಮಂಕು.