ಕಲ್ಪವೃಕ್ಷವೆಂಬ ಮಾತು

ಕರಾವಳಿಯ ವಿಷಯವಾಗಿ ಕನ್ನಡದಲ್ಲಿ ಬರೆದವರಲ್ಲಿ ತೆಂಗಿನ ಮರವನ್ನು ಕಲ್ಪವೃಕ್ಷವೆಂದು ಕರೆಯದವರು ವಿರಳ. ಶಾಲೆಯ ಹುಡುಗನ ಪ್ರಬಂಧದಿಂದ ಹಿಡಿದು ಸಮ್ಮೇಳನದ ಸ್ವಾಗತಭಾಷಣದವರೆಗೆ ಈ ಒಂದು ಮಾತು ಅವಿಚ್ಛಿನ್ನವಾಗಿ ಹರಿದುಬಂದಿದೆ. ಮಾತು ಹಳೆಯದು, ಭಕ್ತಿಯಿಂದ ಹುಟ್ಟಿದ್ದು, ಕಿವಿಗೆ ಇಂಪಾದದ್ದು, ಇದರಲ್ಲಿ ಸಂದೇಹವಿಲ್ಲ. ಆದರೆ ಸ್ತುತಿಯ ಮಾತು ಸ್ತುತ್ಯವಸ್ತುವಿಗೆ ಒಪ್ಪುವುದೋ ಇಲ್ಲವೋ ಎಂದು ಪರೀಕ್ಷಿಸುವುದು ವಿಮರ್ಶೆಯ ಧರ್ಮ. ಆ ಪರೀಕ್ಷೆಗೆ ಮಂಗಳೂರು ತಕ್ಕ ಸ್ಥಳ. ಇಲ್ಲಿ ತೆಂಗು ಕಂಗುಗಳು ಕಾವ್ಯವನ್ನು ಸೇರುವುದಕ್ಕೆ ಮೊದಲೇ ಮನೆಯ ಹಿತ್ತಿಲಲ್ಲಿದ್ದವು. ಹಿತ್ತಿಲಿನಿಂದ ದೇವರ ಸನ್ನಿಧಿಗೂ ದೈವದ ಅಂಗಳಕ್ಕೂ ಹೋಗುತ್ತಿದ್ದವು.

ಕಲ್ಪವೃಕ್ಷವೆಂದರೇನು? ಅಮರಸಿಂಹನು ಮಂದಾರ, ಪಾರಿಜಾತ, ಸಂತಾನ, ಹರಿಚಂದನಗಳೊಡನೆ ಇದನ್ನು ಐದು ದೇವತರುಗಳಲ್ಲಿ ಒಂದೆಂದು ಎಣಿಸಿರುವನು. ಬೇಡಿದುದನ್ನು ಕೊಡುವುದೇ ಇದರ ಲಕ್ಷಣ. ಜೈನಪುರಾಣಗಳಲ್ಲಿ ಈ ಮಾತಿಗೆ ಇನ್ನೂ ಖಚಿತವಾದ ಅರ್ಥವುಂಟು. ಪಂಪನು ೯೪೧ರಲ್ಲಿ ರಚಿಸಿದ ಆದಿಪುರಾಣದ ಕಥೆಯಂತೆ, ಭೋಗಭೂಮಿಯಲ್ಲಿ ಹತ್ತು ಬಗೆಯ ಕಲ್ಪವೃಕ್ಷಗಳು ಜನರಿಗೆ ಬೇಕಾದುದನ್ನೆಲ್ಲ ಕೊಡುತ್ತಿದ್ದವು. ಕಾಲ ಕಳೆದಂತೆ ಅವು ಮಾಯವಾದವು. ಹಸಿದು ಕಂಗೆಟ್ಟ ಪ್ರಜೆಗಳಿಗೆ ಆದಿದೇವನು ಅಸಿ, ಮಸಿ, ಕೃಷಿ ಮೊದಲಾದ ಆರು ಕರ್ಮಗಳನ್ನು ಕಲಿಸಿದನು. ಅಲ್ಲಿಂದ ಮುಂದಿನದು ಕರ್ಮಭೂಮಿ. ಕಲ್ಪವೃಕ್ಷವಿರುವಲ್ಲಿ ದುಡಿಮೆಯಿಲ್ಲ, ದುಡಿಮೆಯಿರುವಲ್ಲಿ ಕಲ್ಪವೃಕ್ಷವಿಲ್ಲ. ಈ ಅರ್ಥವನ್ನು ಗಮನಿಸಿದರೆ, ತೆಂಗಿನ ಮರಕ್ಕೆ ಆ ಹೆಸರನ್ನಿಡುವುದು ಅದನ್ನು ಬೆಳೆಸಿದವರ ಶ್ರಮವನ್ನು ಅಳಿಸಿಹಾಕಿದಂತಾಗುವುದಿಲ್ಲವೆ?

ಅದೇ ಅಮರಕೋಶವು ತಾಳೆ, ಈಚಲು ಮುಂತಾದವನ್ನು ತೃಣದ್ರುಮಗಳೆಂದು, ಎಂದರೆ ಹುಲ್ಲಿನ ಜಾತಿಯ ಮರಗಳೆಂದು ವಿಂಗಡಿಸಿದೆ. ಈಗಿನ ಸಸ್ಯಶಾಸ್ತ್ರವೂ ಈ ವರ್ಗವನ್ನು ಆಲ, ಮಾವುಗಳಿಗಿಂತ ಹುಲ್ಲಿಗೇ ಹತ್ತಿರವೆನ್ನುತ್ತದೆ. ತೆಂಗಿಗೆ ಕೊಂಬೆಯಿಲ್ಲ, ಅದರ ಪ್ರಾಣವೆಲ್ಲ ತಲೆಯ ಒಂದೇ ಕುಡಿಯಲ್ಲಿದೆ. ಕುರುವಾಯಿ ಕೀಟವು ಆ ಕುಡಿಯನ್ನು ಕೊರೆದು ಕೆಡಿಸಿದರೆ ಮರವು ಮತ್ತೆ ಚಿಗುರಲಾರದು. ಊರ ತಳಿಯ ಎತ್ತರದ ಮರವು ಮೊದಲ ಫಲ ಕೊಡಲು ಐದಾರು ವರ್ಷಗಳಾದರೂ ಬೇಕು. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಸುಮಾರು ೧೨ ತಿಂಗಳು ಹಿಡಿಯುವುದು. ಇದು ಬೇಡಿದ ಕ್ಷಣದಲ್ಲಿ ಕೊಡುವ ಮರವಲ್ಲ; ಬುಡಕ್ಕೆ ನೀರು ಗೊಬ್ಬರವನ್ನೂ, ತಲೆಗೆ ಮನುಷ್ಯನ ಕಾವಲನ್ನೂ ತಾನೇ ಬೇಡುವ ಮರ.

ಕಾವ್ಯದ ರೂಢಿಯು ಮರೆತ ಈ ವಿವರವನ್ನು ತುಳುನಾಡಿನ ಆಚರಣೆಯು ಮರೆಯಲಿಲ್ಲ. ಅದಕ್ಕೆ ಬರಿಯ ತೆಂಗು ಎಂದರೆ ಸಾಲದು. ಯಾವ ಮರದ ಯಾವ ಅಂಗ, ಯಾವ ಪ್ರಾಯದ್ದು ಎಂದು ಅದು ಕೇಳುತ್ತದೆ. ನಾಗರಪಂಚಮಿಯ ದಿನ ನಾಗನ ಕಲ್ಲಿಗೆ ಎರೆಯಲು ಸೀಯಾಳವೇ ಆಗಬೇಕು. ಅದರಲ್ಲಿಯೂ ಕೆಂದಾಳೆಯ ಸೀಯಾಳವಾದರೆ ವಿಶೇಷ. ಇದಕ್ಕಾಗಿಯೇ ಎಷ್ಟೋ ಮನೆಗಳ ಬಾವಿಯ ಬಳಿ ಒಂದು ಕೆಂದಾಳೆಯ ಗಿಡವನ್ನು ನೆಟ್ಟು ಕಾಪಾಡುತ್ತಿದ್ದರು. ನಾಗಪಾತ್ರಿಯ ಕೈಗೆ ಬೇಕಾದುದು ಕಂಗಿನ ಹಿಂಗಾರ, ಎಂದರೆ ಹಾಳೆಯನ್ನು ಆಗತಾನೆ ಬಿಡಿಸಿ ತೆಗೆದ ಹೂಗೊಂಚಲು. ದೈವದ ಕೋಲದಲ್ಲಿ ನಡುವಿಗೆ ಕಟ್ಟುವುದು ಬಲಿತ ಮಡಲನ್ನಲ್ಲ, ಇನ್ನೂ ಬಿಚ್ಚದ ಎಳೆಗರಿಯಾದ ತಿರಿಯನ್ನು. ಆಟಿ ತಿಂಗಳ ಮಳೆಯಲ್ಲಿ ಮಾರಿಯನ್ನು ಕಳೆಯಲು ಮನೆಯಿಂದ ಮನೆಗೆ ಬರುವ ಕಳೆಂಜನ ಉಡುಗೆಯೂ ತಿರಿಯದೇ, ಕೈಯಲ್ಲಿರುವುದು ಓಲೆಯ ಕೊಡೆ.

ಮತಭೇದವೂ ಈ ಸೂಕ್ಷ್ಮತೆಯನ್ನು ಕುಗ್ಗಿಸಿಲ್ಲ. ಯೆರೂಸಲೇಮಿನಲ್ಲಿ ಜನರು ಹಿಡಿದದ್ದು ಖರ್ಜೂರದ ಗರಿಯೆಂದು ಹೇಳುವರು. ಮಂಗಳೂರಿನ ಇಗರ್ಜಿಗಳಲ್ಲಿ ಗರಿಗಳ ಭಾನುವಾರದಂದು ಆಶೀರ್ವಾದ ಪಡೆಯುವುದು ತೆಂಗಿನ ಎಳೆಗರಿ. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನ ನಡೆಯುವ ರೋಸ್‌ನಲ್ಲಿ ವಧೂವರರಿಗೆ ತೆಂಗಿನ ಹಾಲನ್ನು ಹಚ್ಚುವರು. ಹೀಗೆ ಬೇರೆಬೇರೆ ಜನರ ಪೂಜೆಗಳು ಒಂದೇ ಮರದ ಬೇರೆಬೇರೆ ಅಂಗಗಳನ್ನು ಹೆಸರಿಟ್ಟು ಗುರುತಿಸಿವೆ. ಕವಿಗಳು ಒಂದೇ ಹೆಸರಿನಿಂದ ಮುಗಿಸಿದುದನ್ನು ಈ ಆಚರಣೆಗಳು ಬಿಡಿಸಿ ನೋಡಿವೆ.

ಇನ್ನು, ಕಲ್ಪವೃಕ್ಷವೆಂಬ ಸ್ತುತಿಯು ಎಲ್ಲಿ ಮೌನವಾಗುತ್ತದೆ ಎಂಬುದನ್ನು ನೋಡಬೇಕು. ಎಳನೀರು, ಎಣ್ಣೆ, ಕತ್ತ, ಹಿಡಿಸೂಡಿಗಳನ್ನು ಎಣಿಸಿದ ಲೇಖನಿಯು ಕಳ್ಳಿನ ಬಳಿಗೆ ಬಂದಾಗ ನಿಂತುಬಿಡುವುದು ವಾಡಿಕೆ. ಆದರೆ ಮರದ ತಲೆಯನ್ನು ದಿನವೂ ಹತ್ತಿ ಕಂಡವನು ಮೂರ್ತೆದಾರನು. ಕಳ್ಳಿನ ವಿಷಯದಲ್ಲಿ ಸಂಪ್ರದಾಯಕ್ಕೂ ಏಕಾಭಿಪ್ರಾಯವಿಲ್ಲ. ಮಂಗಳೂರಿನ ಸಮೀಪದ ಕುತ್ತಾರಿನಲ್ಲಿ ಕೊರಗಜ್ಜನಿಗೆ ಕಳ್ಳು, ಚಕ್ಕುಲಿ, ವೀಳ್ಯಗಳನ್ನು ಹರಕೆಯಾಗಿ ಒಪ್ಪಿಸುವರು. ಕುದ್ರೋಳಿಯಲ್ಲಿ ೧೯೧೨ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದ ನಾರಾಯಣ ಗುರುಗಳಾದರೋ ಕಳ್ಳನ್ನು ಇಳಿಸಬಾರದು, ಕೊಡಬಾರದು, ಕುಡಿಯಬಾರದು ಎಂದು ಉಪದೇಶಿಸಿದರು. ಒಂದೇ ಮರದ ರಸವು ಒಂದೆಡೆ ನೈವೇದ್ಯ, ಇನ್ನೊಂದೆಡೆ ವರ್ಜ್ಯ. ಸಾಹಿತ್ಯಕ್ಕೆ ಇದಕ್ಕಿಂತ ಗಂಭೀರವಾದ ವಸ್ತು ದೊರೆಯುವುದು ಕಷ್ಟ. ಕಲ್ಪವೃಕ್ಷವೆಂಬ ಮಾತಿನಲ್ಲಿ ಇದಕ್ಕೆ ಎಡೆಯಿಲ್ಲ.

ಸಾಹಿತ್ಯದ ಋಣವು ಇನ್ನೊಂದು ಮರದಲ್ಲಿ ಹೆಚ್ಚಾಗಿದೆ. ಅದು ಶ್ರೀತಾಳೆ. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ ಧವಲಾದಿ ಸಿದ್ಧಾಂತಗ್ರಂಥಗಳು ಹಳಗನ್ನಡ ಲಿಪಿಯಲ್ಲಿ ತಾಳೆಯೋಲೆಗಳ ಮೇಲೆ ಬರೆದವು. ಧವಲಾ ಗ್ರಂಥದ ಮೊದಲ ಸಂಪುಟವು ಅಚ್ಚಾದದ್ದು ೧೯೩೯ರಲ್ಲಿ. ಅಷ್ಟು ಕಾಲ ಆ ಅಕ್ಷರಗಳನ್ನು ಹೊತ್ತದ್ದು ಒಂದು ಮರದ ಗರಿ. ಆದಿದೇವನು ಕಲಿಸಿದ ಮಸಿಯ ಕರ್ಮಕ್ಕೆ ಈ ನಾಡಿನಲ್ಲಿ ಮೈಯಾಗಿ ಒದಗಿದ್ದು ಓಲೆಯೇ. ಶ್ರೀತಾಳೆಯು ಹಲವು ದಶಕಗಳವರೆಗೆ ಬೆಳೆದು, ತನ್ನ ಆಯುಷ್ಯದಲ್ಲಿ ಒಮ್ಮೆ ಮಾತ್ರ ತಲೆಯ ಮೇಲೆ ಮಹತ್ತರವಾದ ಹೂಗೊಂಚಲನ್ನು ತಳೆದು, ಕಾಯಿ ಉದುರಿಸಿ ಸಾಯುತ್ತದೆ. ಅದು ಹೂಬಿಟ್ಟರೆ ಊರಿಗೆ ಅನಿಷ್ಟವೆಂಬ ನಂಬಿಕೆಯಿಂದ ತುಳುನಾಡಿನ ಕೆಲವೆಡೆ ಹೂವಿಗೆ ಮೊದಲೇ ಅದನ್ನು ಕಡಿಯುತ್ತಿದ್ದರು. ಹೂವಿಗೆ ಮುನ್ನ ಕಡಿದ ಮರದಿಂದ ಬೀಜವಿಲ್ಲ. ಆದುದರಿಂದ ಮರವು ಅಪೂರ್ವವಾಯಿತು. ಇಲ್ಲಿ ಸಂಪ್ರದಾಯವೇ ತಪ್ಪಿತು ಎಂದು ಒಪ್ಪಬೇಕು. ಆದರೆ ಆ ತಪ್ಪನ್ನು ತಿದ್ದಬಹುದಾಗಿದ್ದ ವಿದ್ಯಾವಂತರು ಓಲೆಯನ್ನು ಪೂಜಿಸಿ, ಮರವನ್ನು ಮರೆತರು.

ಹಾಗಾದರೆ ಈ ವರ್ಗದ ಮರಗಳನ್ನು ಕಣ್ತೆರೆದು ನೋಡಿದ ಕೃತಿ ಕನ್ನಡದಲ್ಲಿ ಇಲ್ಲವೆ? ಇದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ವು (೧೯೪೩) ಅಂತಹದು. ಅದರ ಗೋಪಾಲಯ್ಯನು ಕುಮಾರಪರ್ವತದ ತಪ್ಪಲಿನ ಕಾಡಿನಲ್ಲಿ ಅಡಿಕೆಯ ತೋಟ ಮಾಡಿದವನು. ಅಲ್ಲಿ ಕಂಗು ವರ್ಣನೆಯ ಅಲಂಕಾರವಲ್ಲ. ನೀರು, ಇಳಿಜಾರು, ಆನೆಯ ಹಾವಳಿ, ಮನುಷ್ಯನ ಹಟ ಇವುಗಳ ಲೆಕ್ಕದಲ್ಲಿ ನಿಂತ ಬಾಳು. ಕಾರಂತರು ಮರವನ್ನು ಹೊಗಳುವುದಿಲ್ಲ. ಮರವನ್ನು ನೆಟ್ಟವನನ್ನು ತೋರಿಸುವರು. ಅದರಿಂದಲೇ ಮರದ ಘನತೆಯು ತಾನಾಗಿ ಕಾಣುವುದು. ಮತ್ತೊಂದು ಸಂಗತಿ: ಆ ತೋಟದ ಒಡೆಯನ ಮಗನು ಮನೆಬಿಟ್ಟು ಹೋಗಿರುವನು; ಮುದುಕ ಮುದುಕಿಯರು ಅವನ ದಾರಿ ನೋಡುತ್ತಿರುವರು. ನೆಟ್ಟ ಮರಕ್ಕೆ ಮುಂದೆ ಯಾರು ದಿಕ್ಕು ಎಂಬ ಪ್ರಶ್ನೆಯು ಕಾದಂಬರಿಯ ಒಡಲಲ್ಲಿದೆ. ಕಲ್ಪವೃಕ್ಷದ ಸ್ತುತಿಯಲ್ಲಿ ಈ ಪ್ರಶ್ನೆಯು ಏಳಲಾರದು. ದೇವತರುವಿಗೆ ವಾರಸುದಾರನ ಚಿಂತೆ ಎಲ್ಲಿಯದು?

ಮಂಗಳೂರಿನಲ್ಲಿ ಇಂದು ಆ ಪ್ರಶ್ನೆಯೇ ಎದ್ದುನಿಂತಿದೆ. ಹಂಚಿನ ಮನೆಯೂ ಅದರ ಹಿತ್ತಿಲೂ ಇದ್ದ ಎಷ್ಟೋ ಕಡೆ ಬಹುಮಹಡಿಗಳ ಕಟ್ಟಡಗಳು ಎದ್ದಿವೆ. ಉಳಿದ ಹಿತ್ತಿಲುಗಳಲ್ಲಿ ಮರ ಹತ್ತುವವರು ದೊರೆಯದೆ, ಕಾಯಿ ತಾನಾಗಿ ಬೀಳುವುದನ್ನು ಕಾಯುವ ಮನೆಗಳುಂಟು. ನಾಗನ ಕಲ್ಲಿಗೆ ಬೇಕಾದ ಕೆಂದಾಳೆಯನ್ನೂ ಹಿಂಗಾರವನ್ನೂ ಹಬ್ಬದ ಹಿಂದಿನ ದಿನ ಪೇಟೆಯಿಂದ ಕೊಂಡುತರುವರು. ಪೂಜೆಗೆ ಇದರಿಂದ ಲೋಪವಾಗದಿರಬಹುದು. ಆದರೆ ಕೊಂಡುತಂದ ಹಿಂಗಾರವನ್ನು ಕಂಡ ಮಗುವಿಗೆ ಅದು ಮರದ ಯಾವ ಎಡೆಯಲ್ಲಿ, ಯಾವ ಹಾಳೆಯೊಳಗೆ ಅಡಗಿತ್ತೆಂದು ತಿಳಿಯುವುದಿಲ್ಲ. ವಸ್ತುವು ಕಣ್ಣಿನಿಂದ ಮರೆಯಾದ ಮೇಲೆ ತಿರಿ, ಮಡಲು, ಸೋಗೆ, ಕೊತ್ತಳಿಗೆ ಎಂಬ ಮಾತುಗಳು ನಾಲಗೆಯಲ್ಲಿ ಎಷ್ಟು ದಿನ ಉಳಿದಾವು?

ಸ್ತುತಿಗೆ ಇಷ್ಟು ನಿಷ್ಠುರವಾದ ಪರೀಕ್ಷೆ ಏಕೆ, ಭಕ್ತಿಯಲ್ಲಿ ಅತಿಶಯೋಕ್ತಿ ಸಹಜವಲ್ಲವೆ, ಎಂದು ಕೆಲವರು ಆಕ್ಷೇಪಿಸಬಹುದು. ಇದಕ್ಕೆ ಸ್ತೋತ್ರಗಳಲ್ಲಿಯೇ ಉತ್ತರವುಂಟು. ಸಹಸ್ರನಾಮವು ಒಂದೇ ಹೆಸರನ್ನು ಸಾವಿರ ಸಲ ಹೇಳುವುದಿಲ್ಲ. ಸಾವಿರ ಗುಣಗಳನ್ನು ಸಾವಿರ ಹೆಸರುಗಳಿಂದ ಬೇರೆಬೇರೆಯಾಗಿ ಕಾಣಿಸುತ್ತದೆ. ತೆಂಗು, ಕಂಗು, ತಾಳೆ, ಬೈನೆ, ಶ್ರೀತಾಳೆಗಳಿಗೂ ಕನ್ನಡವು ಅಂತಹ ನಾಮಾವಳಿಯನ್ನು ಸಲ್ಲಿಸಬೇಕಾಗಿದೆ. ಅದಕ್ಕೆ ಬೇಕಾದ ಹೆಸರುಗಳನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಅವು ಕೋಲದ ಅಂಗಳದಲ್ಲಿವೆ, ನಾಗಬನದಲ್ಲಿವೆ, ಅಡುಗೆಮನೆಯಲ್ಲಿವೆ, ಮರ ಹತ್ತುವವನ ಬಾಯಿಯಲ್ಲಿವೆ. ಅವನು ಕೆಳಗಿಳಿದು ಮನೆಗೆ ಹೋಗುವುದಕ್ಕೆ ಮೊದಲು ಅವನನ್ನು ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ.