ಗೋಡೆಯ ಹಿಂದಿನ ಬೆಂಕಿ

ಜಿ. ಡಬ್ಲ್ಯೂ. ಪಾಬ್ಸ್ಟ್ 1931ರಲ್ಲಿ ಮಾಡಿದ ಜರ್ಮನ್ ಸಿನಿಮಾ ‘ಕಾಮೆರಾಡ್‌ಶಾಫ್ಟ್’. ಜೊತೆಗಾರಿಕೆ ಅಂತ ಅರ್ಥ. ಮೊದಲ ಮಹಾಯುದ್ಧ ಮುಗಿದ ಕಾಲ. ಫ್ರಾನ್ಸ್ ಮತ್ತು ಜರ್ಮನಿ ನಡುವೆ ನೆಲದ ಮೇಲೂ ಗಡಿ, ಕೆಳಗೆ ಕಲ್ಲಿದ್ದಲು ಗಣಿಯೊಳಗೂ ಕಬ್ಬಿಣದ ಸರಳಿನ ಗಡಿ. ಫ್ರೆಂಚ್ ಕಡೆ ಸ್ಫೋಟವಾದಾಗ ಜರ್ಮನ್ ಕಾರ್ಮಿಕರು ಗಡಿ ದಾಟಿ ನೆರವಿಗೆ ಓಡುತ್ತಾರೆ. ಮೂವರಂತೂ ಆ ಸರಳನ್ನೇ ಕಿತ್ತು ಒಳಗೆ ನುಗ್ಗುತ್ತಾರೆ.

ಸಿನಿಮಾ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಕಾಪಾಡಲು ಬಂದ ಜರ್ಮನ್‌ನ ಗ್ಯಾಸ್ ಮಾಸ್ಕ್ ನೋಡಿ, ಅರೆಪ್ರಜ್ಞೆಯ ಫ್ರೆಂಚ್ ಕಾರ್ಮಿಕನೊಬ್ಬ ಮತ್ತೆ ಯುದ್ಧವೇ ಬಂತು ಅಂದ್ಕೊಂಡು ಅವನ ಮೇಲೆ ಬೀಳುವ ದೃಶ್ಯವೊಂದೇ ಸಾಕು. ನನ್ನ ತಕರಾರು ಬೇರೆ. ಸ್ಫೋಟಕ್ಕೂ ಮೊದಲು ಒಂದು ಇಟ್ಟಿಗೆ ಗೋಡೆ ಕಾಣಿಸುತ್ತೆ. ಅದರ ಹಿಂದೆ ಬೆಂಕಿ, ಈಚೆ ಎಂದಿನಂತೆ ಕೆಲಸ. ಪಾಬ್ಸ್ಟ್ ಗಡಿಯ ಸರಳನ್ನು ಕೊನೆತನಕ ಪ್ರಶ್ನಿಸುತ್ತಾನೆ, ಗೋಡೆಯನ್ನಲ್ಲ.

ಕಥೆಗೆ ಮೂಲ ಉತ್ತರ ಫ್ರಾನ್ಸಿನ ಕೂರಿಯೇರ್ ದುರಂತ. 1906ರ ಮಾರ್ಚ್ 10ರಂದು ಸತ್ತವರು 1,099 ಮಂದಿ. ಕೆಲವೇ ದಿನ ಮೊದಲು ಒಂದು ಭಾಗದಲ್ಲಿ ಬೆಂಕಿ ಕಂಡು ಗೋಡೆ ಕಟ್ಟಿದ್ದರು, ಕೆಲಸ ನಿಲ್ಲಿಸಿರಲಿಲ್ಲ. ಮೊದಲ ಕಿಡಿ ಎಲ್ಲಿಯದು ಅನ್ನೋದು ಖಚಿತವಾಗಲಿಲ್ಲ. ಅದನ್ನು ಗಣಿಯುದ್ದಕ್ಕೂ ಹೊತ್ತೊಯ್ದದ್ದು ಮಾತ್ರ ಕಲ್ಲಿದ್ದಲಿನ ಧೂಳು. ಜರ್ಮನ್ ರಕ್ಷಣಾ ತಂಡ ಬಂದದ್ದು ನಿಜ. ಆದರೆ 20 ದಿನಗಳ ಮೇಲೆ ಜೀವಂತ ಸಿಕ್ಕ 13 ಮಂದಿ ಕತ್ತಲಲ್ಲಿ ತಡಕಾಡಿ ತಾವೇ ದಾರಿ ಹುಡುಕಿಕೊಂಡು ಬಂದವರು.

ಊರಲ್ಲಿ ಹಸಿ ಹುಲ್ಲಿನ ಬಣವೆ ಒಟ್ಟಿದರೆ ಒಳಗೇ ಕಾವೇರುತ್ತೆ, ಕೈ ಹಾಕಿ ನೋಡಿದವರಿಗೆ ಗೊತ್ತು. ಕಾರಣ ಬೇರೆ ಇದ್ದರೂ ಕಲ್ಲಿದ್ದಲೂ ಹಾಗೇ. ಗಾಳಿಯ ಆಮ್ಲಜನಕ ಹೀರಿ ತಾನೇ ಬಿಸಿಯಾಗುತ್ತೆ. ಹೊಗೆ ಕಾಣುವ ಮೊದಲೇ ಕಾರ್ಬನ್ ಮಾನಾಕ್ಸೈಡ್ ಏರತೊಡಗುತ್ತೆ. ಗೋಡೆ ಕಟ್ಟಿದರೆ ಬೂದಿ ಮುಚ್ಚಿದ ಕೆಂಡ, ಅಷ್ಟೇ. ಹೊರಗಿನ ಗಾಳಿಯ ಒತ್ತಡ ಏರಿಳಿದಾಗ ಬಿರುಕುಗಳಲ್ಲಿ ಗಾಳಿ ಒಳಹೊರಗೆ ಆಡುತ್ತೆ. ಒಳಗೆ ಮೀಥೇನ್ ಸೇರಿಕೊಂಡರೆ ಗೋಡೆಯೇ ಸಿಡಿಯಬಹುದು. ಹಾಗಾಗಿ ಗೋಡೆಯಾಚೆಯ ಗಾಳಿಯ ಮಾದರಿ ತೆಗೆದು ಅಳೆಯುತ್ತಿರಬೇಕು. ದಾರಿಗಳಲ್ಲಿ ಸುಣ್ಣಕಲ್ಲಿನ ಪುಡಿ ಚೆಲ್ಲಿ ಕಲ್ಲಿದ್ದಲ ಧೂಳಿನ ಉರಿಯುವ ಗುಣ ಕೊಲ್ಲಬೇಕು. ಪ್ರತಿಯೊಬ್ಬರ ಸೊಂಟದಲ್ಲೂ ಉಸಿರಾಟದ ಸಲಕರಣೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂಕಿ ಏರಿದ ದಿನ ಜನರನ್ನು ಮೇಲೆ ಕಳಿಸುವ ಅಧಿಕಾರ ಅಳೆಯುವವನ ಕೈಲೇ ಇರಬೇಕು.

ಇದರಲ್ಲಿ ಸಿನಿಮಾ ಮಾಡೋಕೆ ಏನೂ ಇಲ್ಲ, ಕಷ್ಟ ಇರೋದೇ ಅಲ್ಲಿ. ನಮ್ಮ ಆಫೀಸುಗಳಲ್ಲೂ ರಾತ್ರಿ ಮೂರಕ್ಕೆ ಸರ್ವರ್ ಎಬ್ಬಿಸಿದವನಿಗೆ ಚಪ್ಪಾಳೆ. ತಿಂಗಳ ಹಿಂದೆಯೇ ‘ಈ ರಿಲೀಸ್ ಬೇಡ’ ಅಂದವಳು ಅಡ್ಡಗಾಲು ಹಾಕೋಳು. ನಮ್ಮಲ್ಲಿ ಹೋಗೋದು ಬರೀ ಡೇಟಾ. ಗಣಿಯಲ್ಲಿ ಹಾಗಲ್ಲ. 2014ರಲ್ಲಿ ಟರ್ಕಿಯ ಸೋಮಾ ಗಣಿಯ ಬೆಂಕಿಯಲ್ಲಿ 301 ಮಂದಿ ಸತ್ತರು, ಬಹುತೇಕರು ಕಾರ್ಬನ್ ಮಾನಾಕ್ಸೈಡ್ ಕುಡಿದು.

ಸಿನಿಮಾದ ಕೊನೆಗೆ ಅಧಿಕಾರಿಗಳು ನೆಲದಡಿ ಸರಳನ್ನು ಮತ್ತೆ ಕೂರಿಸುತ್ತಾರೆ. ಪಾಬ್ಸ್ಟ್‌ನ ಸಿಟ್ಟು ನ್ಯಾಯವಾದದ್ದೇ. ಖಂಡಿತ ನೋಡಿ. ಇಟ್ಟಿಗೆ ಗೋಡೆ ಬಂದಾಗ ಮಾತ್ರ ಒಂದು ಕ್ಷಣ ಪಾಸ್ ಮಾಡಿ, ಅದರ ಮುಂದೆ ಎಷ್ಟು ಜನ ಕೆಲಸ ಮಾಡ್ತಿದಾರೆ ಅಂತ ಎಣಿಸಿ.